ಕ್ಯಾಮೆರಾ ಯಾರ ಪಕ್ಕದಲ್ಲಿ ನಿಂತಿದೆ?

ಪ್ರಶ್ನೆ: ಗೆಳೆಯರೊಂದಿಗೆ ಸೇರಿ 12 ನಿಮಿಷಗಳ ಕಿರುಚಿತ್ರವೊಂದನ್ನು ತೆಗೆದಿದ್ದೇನೆ. ಅದರ ಮುಖ್ಯ ದೃಶ್ಯದಲ್ಲಿ ತಂದೆ ಬಾಗಿಲಿಗೆ ಬೆನ್ನು ಮಾಡಿ ಮೇಜಿನ ಮುಂದೆ ಕುಳಿತು ಹಳೆಯ ರೇಡಿಯೊ ರಿಪೇರಿ ಮಾಡುತ್ತಿರುತ್ತಾನೆ. ಮಗಳು ಬಾಗಿಲಲ್ಲಿ ನಿಂತು, ತಾನು ಕೆಲಸ ಬಿಟ್ಟಿರುವುದಾಗಿ ಹೇಳುತ್ತಾಳೆ. ‘ಯಾವಾಗ?’ ಎಂದು ಅವನು ಕೇಳಿದಾಗ ‘ಮೂರು ತಿಂಗಳಾಯಿತು’ ಎನ್ನುತ್ತಾಳೆ. ಮೂರು ನಿಮಿಷದ ಈ ದೃಶ್ಯಕ್ಕೆ 34 ಶಾಟ್‌ಗಳಿವೆ. ತಂದೆಯ ಅಧಿಕಾರ ಕಾಣಲೆಂದು ಅವನನ್ನು ಕೆಳಗಿನಿಂದ ನೋಡುವ ಲೋ ಆ್ಯಂಗಲ್‌ನಲ್ಲಿ, ಮಗಳ ಅಳುಕು ಕಾಣಲೆಂದು ಅವಳನ್ನು ಮೇಲಿನಿಂದ ನೋಡುವ ಹೈ ಆ್ಯಂಗಲ್‌ನಲ್ಲಿ ತೆಗೆದೆ. ಭಾವನೆ ಮುಟ್ಟಲೆಂದು ಮೊದಲ ಮಾತಿನಿಂದಲೇ ಕ್ಲೋಸಪ್ ಇಟ್ಟೆ. ನೋಡಿದವರೆಲ್ಲ ‘ಶಾಟ್‌ಗಳು ಚೆನ್ನಾಗಿವೆ’ ಎಂದರೇ ಹೊರತು ದೃಶ್ಯ ಯಾರನ್ನೂ ತಟ್ಟಲಿಲ್ಲ. ನಾನು ಎಡವಿದ್ದು ಎಲ್ಲಿ?

ಉತ್ತರ: ನೀವು ಬಹುಶಃ ಹೆಚ್ಚು ಯೋಚಿಸದೆ ಬರೆದ ಒಂದು ವಿವರದಿಂದಲೇ ಆರಂಭಿಸುತ್ತೇನೆ. ತಂದೆ ಕುಳಿತಿದ್ದಾನೆ, ಮಗಳು ನಿಂತಿದ್ದಾಳೆ. ಕುಳಿತವನ ಕಣ್ಣು ನೆಲದಿಂದ ಸುಮಾರು 115 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ನಿಂತವಳ ಕಣ್ಣು 150ರ ಆಸುಪಾಸಿನಲ್ಲಿರುತ್ತದೆ. ಅಂದರೆ ಆ ಕೋಣೆಯಲ್ಲಿ ಮಗಳು ತಂದೆಯನ್ನು ಮೇಲಿನಿಂದ ನೋಡುತ್ತಾಳೆ, ತಂದೆ ತಿರುಗಿದಾಗ ತಲೆಯೆತ್ತಿ ಅವಳನ್ನು ಕೆಳಗಿನಿಂದ ನೋಡುತ್ತಾನೆ. ನೀವು ಇದನ್ನು ಪೂರ್ತಿ ತಿರುವುಮುರುವು ಮಾಡಿದ್ದೀರಿ. ತಂದೆಯನ್ನು ನೆಲದ ಹತ್ತಿರದಿಂದಲೂ ಮಗಳನ್ನು ಸೂರಿನ ಹತ್ತಿರದಿಂದಲೂ ತೋರಿಸಿದ್ದೀರಿ. ಆ ಎರಡು ಜಾಗಗಳಲ್ಲಿ ಕಥೆಯ ಯಾವ ಪಾತ್ರವೂ ಇಲ್ಲ. ಹೀಗಾಗಿ ಪ್ರೇಕ್ಷಕನಿಗೆ ಮಗಳ ಜೊತೆ ನಿಲ್ಲಲೂ ಆಗಲಿಲ್ಲ, ತಂದೆಯ ಜೊತೆ ಕೂರಲೂ ಆಗಲಿಲ್ಲ. ಅವನು ಶಾಟ್‌ಗಳನ್ನು ನೋಡಿದ, ಚೆನ್ನಾಗಿವೆ ಎಂದ, ಎದ್ದುಹೋದ.

ಪಾತ್ರದ ಕಣ್ಣಿನ ಜಾಗ ಬಿಟ್ಟು ಬೇರೆಲ್ಲೂ ಕ್ಯಾಮೆರಾ ಇಡಬಾರದು ಎಂದು ನಾನು ಹೇಳುತ್ತಿಲ್ಲ. ಹಾಗೆ ನೋಡಿದರೆ ಬಹುಪಾಲು ಒಳ್ಳೆಯ ಶಾಟ್‌ಗಳು ಯಾರ ಕಣ್ಣಿನಿಂದಲೂ ಕಂಡವಲ್ಲ. ಆದರೆ ಕ್ಯಾಮೆರಾ ಒಂದು ಕಡೆ ನಿಂತಿತೆಂದರೆ ಪ್ರೇಕ್ಷಕನೂ ಅಲ್ಲೇ ನಿಂತ ಹಾಗೆ. ಅವನನ್ನು ಯಾರ ಪಕ್ಕದಲ್ಲಿ, ಎಷ್ಟು ಹತ್ತಿರದಲ್ಲಿ ನಿಲ್ಲಿಸಿದ್ದೇವೆ, ಆ ಗಳಿಗೆಯಲ್ಲಿ ಅವನಿಗೆ ಯಾವ ಸಂಗತಿ ಕಾಣುತ್ತದೆ, ಯಾವುದು ಮರೆಯಾಗುತ್ತದೆ ಎಂಬುದನ್ನು ನಿರ್ಧರಿಸಿದ ಮೇಲಷ್ಟೇ ಆ್ಯಂಗಲ್ ಹುಡುಕಬೇಕು. ನೀವು ಆ್ಯಂಗಲ್‌ಗಳ ಅರ್ಥಕೋಶವನ್ನು ಮೊದಲು ತೆರೆದಿರಿ. ‘ಲೋ ಆ್ಯಂಗಲ್ ಎಂದರೆ ಅಧಿಕಾರ, ಹೈ ಆ್ಯಂಗಲ್ ಎಂದರೆ ದೌರ್ಬಲ್ಯ’ ಎಂಬ ಆ ಅರ್ಥಕೋಶ ಪೂರ್ತಿ ಸುಳ್ಳೇನೂ ಅಲ್ಲ, ಆದರೆ ಅದನ್ನು ನಂಬಿ ದೃಶ್ಯ ಕಟ್ಟುವುದು ನಿಘಂಟನ್ನು ನಂಬಿ ಪ್ರೇಮಪತ್ರ ಬರೆದ ಹಾಗೆ.

ಈ ಸೂತ್ರ ಎಲ್ಲಿ ಮುರಿಯುತ್ತದೆ ಎಂಬುದಕ್ಕೆ, ಲೋ ಆ್ಯಂಗಲ್‌ಗೇ ಹೆಸರಾದ ಚಿತ್ರವನ್ನು ನೋಡಿ. 1941ರ ‘ಸಿಟಿಜನ್ ಕೇನ್’ ಚಿತ್ರದಲ್ಲಿ ಆರ್ಸನ್ ವೆಲ್ಸ್ ಮತ್ತು ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಅತಿ ತಗ್ಗಿನಿಂದ ತೆಗೆದ ದೃಶ್ಯಗಳಲ್ಲೊಂದು, ನಾಯಕ ಚುನಾವಣೆಯಲ್ಲಿ ಸೋತ ರಾತ್ರಿಯದು. ಖಾಲಿಯಾದ ಪ್ರಚಾರ ಕಚೇರಿಯಲ್ಲಿ ಅವನೂ ಅವನ ಗೆಳೆಯನೂ ಮಾತನಾಡುತ್ತಾರೆ. ಅದಕ್ಕಾಗಿ ಸೆಟ್ಟಿನ ನೆಲವನ್ನೇ ಕೊರೆದು ಕ್ಯಾಮೆರಾವನ್ನು ತಗ್ಗಿನಲ್ಲಿ ಕೂರಿಸಿದ್ದರು. ಸೂತ್ರದ ಪ್ರಕಾರ ಸೋತವನನ್ನು ಮೇಲಿನಿಂದ ತೋರಿಸಬೇಕಿತ್ತು. ಇಲ್ಲಿ ಅವನು ಕಂಬದಂತೆ ಎತ್ತರಕ್ಕೆ ನಿಂತಿದ್ದಾನೆ, ಅವನ ತಲೆಯ ಮೇಲೆಯೇ ಸೂರು ಕವುಚಿಕೊಂಡಿದೆ. ದೊಡ್ಡ ಮನುಷ್ಯ, ಹೋಗಲು ಎಲ್ಲೂ ಜಾಗವಿಲ್ಲ. ತಗ್ಗಿನ ಕೋನ ಅವನಿಗೆ ಅಧಿಕಾರ ಕೊಡುವುದರ ಬದಲು ಅವನ ದೊಡ್ಡಸ್ತಿಕೆಯನ್ನೇ ಭಾರವಾಗಿಸುತ್ತದೆ. ಕೋನ ಒಂದೇ. ಹಿಂದಿನ ಕಥೆ, ಚೌಕಟ್ಟಿನೊಳಗೆ ಬಂದ ಸೂರು, ಆಡುತ್ತಿರುವ ಮಾತು ಇವೆಲ್ಲ ಸೇರಿ ಅದಕ್ಕೆ ಬೇರೆಯೇ ಅರ್ಥ ಬಂತು.

ಒಂದು ಕೋನಕ್ಕೆ ಅರ್ಥ ಹೆಚ್ಚಾಗಿ ಬರುವುದು ಅದಕ್ಕಿಂತ ಹಿಂದೆ ಕಂಡ ಕೋನಕ್ಕೂ ಅದಕ್ಕೂ ಇರುವ ವ್ಯತ್ಯಾಸದಿಂದ. ಇದಕ್ಕೆ ಅತ್ಯಂತ ಶಿಸ್ತಿನ ಉದಾಹರಣೆ 1957ರ ‘12 ಆ್ಯಂಗ್ರಿ ಮೆನ್’. ಚಿತ್ರದ ಬಹುಪಾಲು ಒಂದೇ ಕೋಣೆಯಲ್ಲಿ, ಹನ್ನೆರಡು ಜನರ ನಡುವೆ ನಡೆಯುತ್ತದೆ. ನಿರ್ದೇಶಕ ಸಿಡ್ನಿ ಲ್ಯುಮೆಟ್ ಅನಂತರ ವಿವರಿಸಿದಂತೆ, ಚಿತ್ರದ ಮೊದಲ ಮೂರನೆಯ ಒಂದು ಭಾಗವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ, ಎರಡನೆಯದನ್ನು ಕಣ್ಣಿನ ಮಟ್ಟದಿಂದ, ಕೊನೆಯದನ್ನು ಅದಕ್ಕಿಂತ ಕೆಳಗಿನಿಂದ ತೆಗೆದರು. ಜೊತೆಗೇ ಲೆನ್ಸುಗಳ ನಾಭಿದೂರವನ್ನೂ ಹಂತಹಂತವಾಗಿ ಹೆಚ್ಚಿಸುತ್ತ ಹೋದರು, ಅಂದರೆ ಲೆನ್ಸಿಗೆ ಕಾಣುವ ನೋಟದ ಅಗಲ ಕಿರಿದಾಗುತ್ತ ಬಂತು. ಪ್ರೇಕ್ಷಕನಿಗೆ ಇದೊಂದೂ ಗೊತ್ತಾಗುವುದಿಲ್ಲ. ಅವನಿಗೆ ಗೊತ್ತಾಗುವುದು ಇಷ್ಟೆ: ಕೋಣೆ ಇಕ್ಕಟ್ಟಾಗುತ್ತಿದೆ, ಗೋಡೆಗಳು ಮುಖಗಳ ಹಿಂದೆಯೇ ಬಂದು ನಿಂತಿವೆ, ಈತನಕ ಇಲ್ಲದ ಸೂರು ಈಗ ತಲೆಗಳ ಮೇಲೆ ಕಾಣುತ್ತಿದೆ. ಎಲ್ಲ ಮುಗಿದು ಅವರು ಹೊರಗೆ ಬರುವ ಕೊನೆಯ ಶಾಟ್‌ಗೆ ಲ್ಯುಮೆಟ್ ಇಡೀ ಚಿತ್ರದಲ್ಲೇ ಅತಿ ಅಗಲವಾದ ಲೆನ್ಸನ್ನು ಹಾಕಿ ಕ್ಯಾಮೆರಾವನ್ನು ಎತ್ತರಕ್ಕೆ ಒಯ್ದರು, ಪ್ರೇಕ್ಷಕ ಉಸಿರು ಬಿಡಲೆಂದು. ಆ ಶಾಟನ್ನು ಒಂಟಿಯಾಗಿ ಕಿತ್ತು ತೋರಿಸಿದರೆ ಅದು ಜನ ಮೆಟ್ಟಿಲಿಳಿಯುವ ಸಾಧಾರಣ ಚಿತ್ರ.

ನಿಮ್ಮ ದೃಶ್ಯದಲ್ಲಿ ತಂದೆ ಮೊದಲಿನಿಂದ ಕೊನೆಯವರೆಗೂ ಲೋ ಆ್ಯಂಗಲ್‌ನಲ್ಲಿದ್ದಾನೆ, ಮಗಳು ಮೊದಲಿನಿಂದ ಕೊನೆಯವರೆಗೂ ಹೈ ಆ್ಯಂಗಲ್‌ನಲ್ಲಿದ್ದಾಳೆ. ಬದಲಾಗದ ಕೋನ ಕೆಲವೇ ಸೆಕೆಂಡುಗಳಲ್ಲಿ ಗೋಡೆಯ ಬಣ್ಣದಂತೆ ಕಣ್ಣಿಗೆ ರೂಢಿಯಾಗುತ್ತದೆ, ಆಮೇಲೆ ಅದು ಏನನ್ನೂ ಹೇಳುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಈ ದೃಶ್ಯದಲ್ಲಿ ಅಧಿಕಾರ ನಿಜವಾಗಿ ಯಾರ ಕೈಯಲ್ಲಿದೆ? ಮನೆಯ ಯಜಮಾನ ತಂದೆಯೇ ಇರಬಹುದು, ಆದರೆ ಆ ಮೂರು ನಿಮಿಷಗಳಲ್ಲಿ ಸಂಗತಿ ತಿಳಿದಿರುವವಳು ಮಗಳು. ಅವನಿಗೆ ಏನೂ ಗೊತ್ತಿಲ್ಲ. ಗೊತ್ತಿರುವವಳು ನಿಂತು, ಗೊತ್ತಿಲ್ಲದವನ ಬೆನ್ನನ್ನು ನೋಡುತ್ತಿದ್ದಾಳೆ. ನಿಮ್ಮ ಚಿತ್ರಕಥೆ ಈ ಜೋಡಣೆಯನ್ನು ತಾನಾಗಿಯೇ ಒದಗಿಸಿತ್ತು. ಕ್ಯಾಮೆರಾ ಅದಕ್ಕೆ ಅಡ್ಡ ಬಂತು.

ಇಲ್ಲಿ ಒಂದು ತಾಂತ್ರಿಕ ಗೊಂದಲವನ್ನು ಬಿಡಿಸಬೇಕು, ಏಕೆಂದರೆ ವರ್ಷಗಟ್ಟಲೆ ಕೆಲಸ ಮಾಡಿದವರಲ್ಲೂ ಇದನ್ನು ಕಂಡಿದ್ದೇನೆ. ಕ್ಯಾಮೆರಾದ ಎತ್ತರ ಬೇರೆ, ಅದರ ವಾಲಿಕೆ ಬೇರೆ. ಕ್ಯಾಮೆರಾವನ್ನು ನೆಲದಿಂದ ಎರಡಡಿ ಎತ್ತರದಲ್ಲಿಟ್ಟು ಮಟ್ಟಸವಾಗಿ ನೇರಕ್ಕೆ ಹಿಡಿದರೆ ಅದು ತಗ್ಗಿನ ಎತ್ತರ. ಅದೇ ಜಾಗದಿಂದ ಮೂತಿ ಮೇಲೆತ್ತಿದರೆ ಅದು ಲೋ ಆ್ಯಂಗಲ್. ಮಟ್ಟಸವಾಗಿ ಹಿಡಿದಾಗ ಬಾಗಿಲಿನ ಚೌಕಟ್ಟು, ಗೋಡೆಯ ಮೂಲೆ ಇವು ನೆಟ್ಟಗೆ ನಿಲ್ಲುತ್ತವೆ. ಮೂತಿ ಎತ್ತಿದ ಕೂಡಲೇ ಆ ಗೆರೆಗಳು ಮೇಲಕ್ಕೆ ಹೋಗುತ್ತ ಒಂದರತ್ತ ಒಂದು ವಾಲುತ್ತವೆ, ಮನುಷ್ಯನ ಗದ್ದ ದೊಡ್ಡದಾಗಿ ಹಣೆ ಕಿರಿದಾಗುತ್ತದೆ. ಮೊದಲನೆಯದು ಶಾಂತ, ಎರಡನೆಯದು ಒತ್ತಿ ಹೇಳುವ ದನಿ. ಜಪಾನಿನ ಯಸುಜಿರೊ ಒಜು ತಮ್ಮ ಚಿತ್ರಗಳಲ್ಲಿ ಕ್ಯಾಮೆರಾವನ್ನು ಚಾಪೆಯ ಮೇಲೆ ಕುಳಿತವರ ಕಣ್ಣಿಗಿಂತಲೂ ಕೆಳಗೆ ಇಡುತ್ತಿದ್ದರು, ಬಹುಮಟ್ಟಿಗೆ 50 ಮಿಲಿಮೀಟರ್ ಲೆನ್ಸೊಂದನ್ನೇ ಬಳಸುತ್ತಿದ್ದರು. ಅವರ ಶಾಟ್‌ಗಳನ್ನು ‘ಲೋ ಆ್ಯಂಗಲ್’ ಎಂದು ಕರೆಯುವುದುಂಟು, ಆದರೆ ಅಲ್ಲಿ ಯಾರೂ ಅಧಿಕಾರಸ್ಥರಾಗಿ ಕಾಣುವುದಿಲ್ಲ. ಅಲ್ಲಿ ಕಾಣುವುದು ಮನೆಯವರ ಸರೀಕನಾಗಿ ಕುಳಿತ ಅತಿಥಿಯ ನೋಟ. ನಿಮ್ಮ ದೃಶ್ಯಕ್ಕೆ ಬೇಕಿದ್ದುದು ಇಂಥ ಎತ್ತರವೇ, ವಾಲಿಕೆಯಲ್ಲ.

ಎತ್ತರದಷ್ಟೇ ಮುಖ್ಯವಾದದ್ದು ದೂರ. ‘ಯಾವ ಲೆನ್ಸ್ ಹಾಕಲಿ?’ ಎಂದು ಕೇಳುವವರು ಬಹಳ, ‘ಎಷ್ಟು ದೂರ ನಿಲ್ಲಲಿ?’ ಎಂದು ಕೇಳುವವರು ವಿರಳ. ಆದರೆ ಮುಖದ ಮತ್ತು ಕೋಣೆಯ ಪ್ರಮಾಣಗಳನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ದೂರವೇ. ಲೆನ್ಸ್ ಆ ನೋಟದಲ್ಲಿ ಎಷ್ಟು ಭಾಗವನ್ನು ಕತ್ತರಿಸಿ ಕೊಡಬೇಕೆಂದು ತೀರ್ಮಾನಿಸುತ್ತದೆ, ಅಷ್ಟೆ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರವೆಂದು ಇಟ್ಟುಕೊಳ್ಳಿ. ಮೂಗಿನಿಂದ 60 ಸೆಂಟಿಮೀಟರ್ ದೂರದಲ್ಲಿ ಕ್ಯಾಮೆರಾ ಇದ್ದರೆ ಕಿವಿ ಐದನೆಯ ಒಂದು ಪಾಲು ಹೆಚ್ಚು ದೂರದಲ್ಲಿರುತ್ತದೆ, ಆದ್ದರಿಂದ ಮೂಗು ಮುಂದಕ್ಕೆ ಚಾಚಿ, ಮುಖ ನಮ್ಮ ಮೈಮೇಲೆ ಬಂದಂತೆ ಕಾಣುತ್ತದೆ. ಮೂರು ಮೀಟರಿನಿಂದ ನೋಡಿದರೆ ಆ ವ್ಯತ್ಯಾಸ ಇಪ್ಪತ್ತೈದನೆಯ ಒಂದು ಪಾಲು, ಮುಖ ಚಪ್ಪಟೆಯಾಗಿ ಸೌಮ್ಯವಾಗಿ ಕಾಣುತ್ತದೆ. ಎರಡೂ ಕಡೆಯಿಂದ ಚೌಕಟ್ಟು ತುಂಬುವ ಕ್ಲೋಸಪ್ಪನ್ನೇ ತೆಗೆಯಬಹುದು. ಒಂದರಲ್ಲಿ ನಾವು ಆ ಮನುಷ್ಯನ ಉಸಿರು ತಾಕುವಷ್ಟು ಹತ್ತಿರ ಇರುತ್ತೇವೆ, ಇನ್ನೊಂದರಲ್ಲಿ ಅವನಿಗೆ ತಿಳಿಯದಂತೆ ದೂರದಿಂದ ಗಮನಿಸುತ್ತಿರುತ್ತೇವೆ.

ಇದೇ ಲೆಕ್ಕವನ್ನು ನಿಮ್ಮ ಕೋಣೆಗೆ ಹಾಕೋಣ. ಕ್ಯಾಮೆರಾ ಮೇಜಿನ ಆಚೆ ಬದಿಯಲ್ಲಿ ತಂದೆಯ ಎದುರಿಗಿದೆ, ಬಾಗಿಲು ಅವನ ಹಿಂದೆ ಮೂರು ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ತಂದೆಯಿಂದ ಒಂದು ಮೀಟರಿಗೆ ಕ್ಯಾಮೆರಾ ತಂದರೆ ಮಗಳು ಕ್ಯಾಮೆರಾದಿಂದ ನಾಲ್ಕು ಮೀಟರಿನಲ್ಲಿರುತ್ತಾಳೆ, ಅವಳ ಮುಖ ಅವನ ಮುಖದ ಕಾಲುಭಾಗದಷ್ಟು ಕಾಣುತ್ತದೆ. ಬಾಗಿಲು ದೂರ, ಮಗಳು ಪುಟ್ಟವಳು, ಅವರ ನಡುವೆ ದಾಟಲಾಗದ ನೆಲ. ಅದೇ ಕ್ಯಾಮೆರಾವನ್ನು ಮೂರು ಮೀಟರಿಗೆ ಹಿಂದೆ ಸರಿಸಿ ಉದ್ದದ ಲೆನ್ಸ್ (ನಾಭಿದೂರ ಹೆಚ್ಚಿರುವುದು) ಹಾಕಿ ತಂದೆಯ ಮುಖವನ್ನು ಮೊದಲಿನ ಗಾತ್ರಕ್ಕೇ ತಂದರೆ, ಮಗಳು ಆರು ಮೀಟರಿನಲ್ಲಿ ಅವನ ಮುಖದ ಅರ್ಧದಷ್ಟಾಗುತ್ತಾಳೆ. ಅವಳು ಅವನ ಹೆಗಲ ಹಿಂದೆಯೇ ಬಂದು ನಿಂತಿರುವಂತೆ, ಅವನು ತಿರುಗದಿದ್ದರೂ ಅವಳಿಂದ ತಪ್ಪಿಸಿಕೊಳ್ಳಲಾರನೆಂಬಂತೆ ಕಾಣುತ್ತದೆ. ನಟರು ಒಂದಿಂಚೂ ಅಲುಗಿಲ್ಲ, ಮಾತೊಂದೂ ಬದಲಾಗಿಲ್ಲ, ಕಥೆ ಎರಡಾಯಿತು. ದಯವಿಟ್ಟು ಇದನ್ನು ಕಾಗದದಲ್ಲಿ ಓದಿ ಬಿಡಬೇಡಿ. ಕೈಯಲ್ಲಿರುವ ಫೋನನ್ನೇ ಹಿಡಿದು, ಮೊದಲು ನಡೆದು ಹೋಗಿ, ಆಮೇಲೆ ಹಿಂದೆ ಸರಿದು ಜೂಮ್ ಮಾಡಿ, ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನು ಕ್ಲೋಸಪ್. ನಿಮ್ಮ 34 ಶಾಟ್‌ಗಳಲ್ಲಿ ಎಷ್ಟು ಕ್ಲೋಸಪ್‌ಗಳೋ ತಿಳಿಯದು, ಮೊದಲ ಮಾತಿನಿಂದಲೇ ಇಟ್ಟಿದ್ದೀರಿ ಎಂದಮೇಲೆ ಬಹುಪಾಲು ಅವೇ ಇರಬೇಕು. ನಾನೂ ಈ ಹಾದಿಯಲ್ಲೇ ಮುಗ್ಗರಿಸಿದವನು. ಸಹಾಯಕನಾಗಿದ್ದಾಗ ಮೊದಲ ಬಾರಿಗೆ ನನ್ನ ಕೈಗೆ ಬಂದ ದೃಶ್ಯವೊಂದನ್ನು, ಇಬ್ಬರು ಅಣ್ಣತಮ್ಮಂದಿರ ಜಗಳವದು, ಪೂರ್ತಿ ಮುಖಗಳಲ್ಲೇ ಚಿತ್ರೀಕರಿಸಿದೆ. ಸಂಕಲನದ ಮೇಜಿನಲ್ಲಿ ಹಿರಿಯ ಸಂಕಲನಕಾರರು ಎರಡು ಸಲ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಇವರಿಬ್ಬರೂ ಒಂದೇ ಕೋಣೆಯಲ್ಲಿದ್ದಾರೋ, ಫೋನಿನಲ್ಲಿ ಮಾತಾಡುತ್ತಿದ್ದಾರೋ?’ ಇಬ್ಬರನ್ನೂ ಒಟ್ಟಿಗೆ ತೋರಿಸುವ ಮಾಸ್ಟರ್ ಶಾಟ್ ಒಂದನ್ನಾದರೂ ತೆಗೆದಿದ್ದೀಯಾ ಎಂದರೆ ನನ್ನ ಬಳಿ ಇರಲಿಲ್ಲ. ತಮ್ಮ ಹೊಡೆಯಲು ಕೈಯೆತ್ತುವ ಗಳಿಗೆಗೆ ಇನ್ನಷ್ಟು ಹತ್ತಿರ ಹೋಗೋಣವೆಂದರೆ, ಮೊದಲ ಶಾಟ್‌ನಲ್ಲೇ ಹುಬ್ಬಿನಿಂದ ಗದ್ದದವರೆಗೆ ತುಂಬಿಸಿಬಿಟ್ಟಿದ್ದೆ. ಹೋಗಲು ಜಾಗ ಉಳಿದಿರಲಿಲ್ಲ.

ಕ್ಲೋಸಪ್ ಎಂಬುದು ದನಿ ತಗ್ಗಿಸಿ ಕಿವಿಯ ಬಳಿ ಹೇಳಿದಂತೆ. ಎಲ್ಲವನ್ನೂ ಹಾಗೆಯೇ ಹೇಳಿದರೆ ಗುಟ್ಟು ಯಾವುದೆಂದು ಕೇಳುಗನಿಗೆ ತಿಳಿಯುವುದಿಲ್ಲ. ಇಡೀ ಚಿತ್ರವನ್ನು ಮುಖಗಳಲ್ಲೇ ಕಟ್ಟಿದವರಿಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ಜೋನ್ ಆಫ್ ಆರ್ಕ್‌ಳ ವಿಚಾರಣೆಯ ಬಗ್ಗೆ ಕಾರ್ಲ್ ಥಿಯೊಡೊರ್ ಡ್ರೇಯರ್ 1928ರಲ್ಲಿ ಮಾಡಿದ ಮೂಕಿ ಚಿತ್ರ ಬಹುತೇಕ ಮುಖಗಳದ್ದೇ. ಆದರೆ ಅಲ್ಲಿ ಕೋಣೆಯ ದಿಕ್ಕುದೆಸೆ ತಿಳಿಯದಿರುವುದೇ ಉದ್ದೇಶ, ಆ ಹುಡುಗಿಗೆ ಹಿಡಿದು ನಿಲ್ಲಲು ಏನೂ ಸಿಗಬಾರದು. ನಿಮ್ಮ ತಂದೆ ಮತ್ತು ಮಗಳಿಗೆ ಕೋಣೆ ಬೇಕು, ಅವರ ನಡುವಿನ ಮೂರು ಮೀಟರ್ ನೆಲವೇ ನಿಮ್ಮ ಕಥೆ.

ಹಿಚ್‌ಕಾಕ್ ಈ ಗಾತ್ರಗಳ ಲೆಕ್ಕವನ್ನು ಚೆನ್ನಾಗಿ ಬಲ್ಲವರಾಗಿದ್ದರು. 1960ರ ‘ಸೈಕೊ’ ಚಿತ್ರದಲ್ಲಿ ಪತ್ತೇದಾರನೊಬ್ಬ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಅವನ ಮೇಲೆ ದಾಳಿ ನಡೆಯುತ್ತದೆ, ಆಗ ಕ್ಯಾಮೆರಾ ಇದ್ದಕ್ಕಿದ್ದಂತೆ ಸೂರಿನ ಎತ್ತರದಲ್ಲಿರುತ್ತದೆ. ಏಕೆಂದು ಕೇಳಿದಾಗ ಅವರು ಕೊಟ್ಟ ಕಾರಣಗಳು ಎರಡು. ದಾಳಿ ಮಾಡಿದವರ ಮುಖವನ್ನು ಬೇಕೆಂದೇ ಮರೆಮಾಡಲಾಗಿದೆ ಎಂಬ ಅನುಮಾನ ಬರದಂತೆ ಅದನ್ನು ಮರೆಮಾಡಬೇಕಿತ್ತು. ಎರಡನೆಯದು, ಅಷ್ಟು ದೂರದ ಪುಟ್ಟ ಆಕೃತಿಗಳಿಂದ ಕಟ್ ಮಾಡಿ ಚಾಕು ಇಳಿಯುವಾಗಿನ ದೊಡ್ಡ ಮುಖಕ್ಕೆ ಬಂದರೆ ಆ ಗಾತ್ರದ ಜಿಗಿತವೇ ಪೆಟ್ಟಿನಂತೆ ತಾಗುತ್ತದೆ. ‘ಹೈ ಆ್ಯಂಗಲ್ ಎಂದರೆ ದೌರ್ಬಲ್ಯ’ ಎಂಬ ಮಾತು ಅವರ ವಿವರಣೆಯಲ್ಲಿ ಎಲ್ಲೂ ಇಲ್ಲ. ಏನು ಕಾಣಬಾರದು, ಮುಂದಿನ ಶಾಟ್ ಯಾವುದು ಎಂಬ ಎರಡೇ ಪ್ರಶ್ನೆಗಳು.

ಸಂಭಾಷಣೆಯ ದೃಶ್ಯಗಳಲ್ಲಿ ಹೊಸಬರು ಗಮನ ಕೊಡದ ಇನ್ನೊಂದು ಸಂಗತಿ, ಸೆಟ್ಟಿನ ಭಾಷೆಯಲ್ಲಿ ‘ಲುಕ್’ ಎನ್ನುವುದು. ನಟಿ ನೋಡುತ್ತಿರುವ ದಿಕ್ಕಿಗೂ ಲೆನ್ಸಿಗೂ ಎಷ್ಟು ಅಂತರವಿದೆ? ಅಂತರ ಹೆಚ್ಚಾದರೆ ನಾವು ಅವಳನ್ನು ಪಕ್ಕದಿಂದ ನೋಡುತ್ತೇವೆ, ಒಂದು ಕಣ್ಣಷ್ಟೇ ಸರಿಯಾಗಿ ಕಾಣುತ್ತದೆ, ಅವಳು ತನ್ನೊಳಗೇ ಏನನ್ನೋ ಬಚ್ಚಿಟ್ಟುಕೊಂಡಂತೆ ಅನ್ನಿಸುತ್ತದೆ. ಅವಳ ನೋಟ ಲೆನ್ಸಿನ ಅಂಚಿಗೆ ತಾಗುವಷ್ಟು ಹತ್ತಿರ ಬಂದರೆ ಎರಡೂ ಕಣ್ಣುಗಳು ತೆರೆದುಕೊಳ್ಳುತ್ತವೆ, ಎದುರಿನವನಿಗೆ ಹೇಳಿದ್ದು ನಮಗೇ ಹೇಳಿದಂತಾಗುತ್ತದೆ. ಶಾಟ್‌ನ ಗಾತ್ರವನ್ನು ಮುಟ್ಟದೆ ಇದೊಂದನ್ನೇ ಬದಲಿಸಿ ದೃಶ್ಯವನ್ನು ಪಕ್ಕದ ನೋಟದಿಂದ ಎದುರು ನೋಟಕ್ಕೆ ತರಬಹುದು. ನಿಮ್ಮ ಮಗಳ ಪಾತ್ರಕ್ಕೆ ನಾನು ಮಾಡುವುದು ಅದನ್ನೇ. ಸಜೆಷನ್ ಶಾಟ್, ಅಂದರೆ ಎದುರಿನವರ ಹೆಗಲೋ ತಲೆಯೋ ಚೌಕಟ್ಟಿನ ಅಂಚಿನಲ್ಲಿ ಉಳಿಯುವ ಶಾಟ್, ಇಬ್ಬರ ನಡುವೆ ಇನ್ನೂ ನಂಟಿದೆ ಎನ್ನುತ್ತದೆ. ಆ ಹೆಗಲನ್ನು ತೆಗೆದು ಒಂಟಿ ಮುಖಕ್ಕೆ ಬಂದ ಗಳಿಗೆಯಲ್ಲಿ ನಂಟು ಕಡಿಯುತ್ತದೆ. ಅದು ಯಾವ ಮಾತಿಗೆ ಕಡಿಯಬೇಕೆಂದು ಮೊದಲೇ ಗುರುತು ಹಾಕಿಟ್ಟುಕೊಳ್ಳಿ.

ಇಬ್ಬರ ನಡುವೆ ಎಳೆಯುವ ಕಾಲ್ಪನಿಕ ಗೆರೆಯ ಬಗ್ಗೆ ನಿಮಗೆ ತಿಳಿದೇ ಇರುತ್ತದೆ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿ, 180 ಡಿಗ್ರಿಯ ಒಳಗೆ ಉಳಿದರೆ ಅವರು ಪರಸ್ಪರ ನೋಡುತ್ತಿರುವಂತೆ ಕಾಣುತ್ತಾರೆ. ಒಜು ಇದನ್ನು ಲೆಕ್ಕಕ್ಕಿಟ್ಟುಕೊಳ್ಳದೆ ಸಲೀಸಾಗಿ ದಾಟುತ್ತಿದ್ದರು, ಪ್ರಳಯವೇನೂ ಆಗಲಿಲ್ಲ. ಅಪ್ಪಿತಪ್ಪಿ ದಾಟಬೇಡಿ, ಬೇಕಾದಾಗ ದಾಟಿ, ಇಷ್ಟು ಸಾಕು. ಒಬ್ಬರದೇ ಎರಡು ಶಾಟ್‌ಗಳನ್ನು ಒಂದರ ಹಿಂದೊಂದು ಜೋಡಿಸುವಾಗ ಕ್ಯಾಮೆರಾದ ದಿಕ್ಕು ಕನಿಷ್ಠ 30 ಡಿಗ್ರಿಯಾದರೂ ಬದಲಾಗಿರಲಿ, ಇಲ್ಲವೇ ಗಾತ್ರ ಎದ್ದು ಕಾಣುವಷ್ಟು ಬದಲಾಗಿರಲಿ, ಇಲ್ಲದಿದ್ದರೆ ಕಟ್ ಮಾಡಿದ ಜಾಗದಲ್ಲಿ ಚಿತ್ರ ಎಗರುತ್ತದೆ. ಓರೆಯಾಗಿ ವಾಲಿಸಿದ ಡಚ್ ಆ್ಯಂಗಲ್ ಬಗ್ಗೆ ನೀವು ಕೇಳಿಲ್ಲ, ನಾನೂ ಹೇಳುವುದಿಲ್ಲ. ಈ ದೃಶ್ಯಕ್ಕೆ ಅದರ ಅಗತ್ಯವಿಲ್ಲ. ಟ್ರಾಲಿಯ, ಅಂದರೆ ಕ್ಯಾಮೆರಾವನ್ನು ಕೂರಿಸಿ ಸರಿಸುವ ಗಾಡಿಯ ಮಾತು ಬಂದರೆ, ಒಂದೇ ಒಂದು ಚಲನೆಗೆ ಜಾಗವಿದೆ, ಅದನ್ನು ಮುಂದೆ ಹೇಳುತ್ತೇನೆ.

ಈಗ ದೃಶ್ಯಕ್ಕೆ ಬರೋಣ. ಮೊದಲು ಇದು ಯಾರ ದೃಶ್ಯವೆಂದು ನೀವು ತೀರ್ಮಾನಿಸಬೇಕು. ಮಗಳದಾದರೆ ಕ್ಯಾಮೆರಾ ಬಾಗಿಲಲ್ಲಿ ಅವಳ ಜೊತೆ ನಿಲ್ಲುತ್ತದೆ. ನಮಗೆ ಕಾಣುವುದು ತಂದೆಯ ಬೆನ್ನು, ಬಾಗಿದ ಕತ್ತು, ದೀಪದ ಬೆಳಕಿನಲ್ಲಿ ಅವನ ಕಿವಿಯ ಅಂಚು. ಅವನ ಮುಖ ಹೇಗಿದೆಯೋ ಅವಳಿಗೂ ತಿಳಿಯದು, ನಮಗೂ ತಿಳಿಯದು. ಅವಳ ಭಯ ನಮ್ಮದೂ ಆಗುತ್ತದೆ. ತಂದೆಯದಾದರೆ ಕ್ಯಾಮೆರಾ ಮೇಜಿನಾಚೆ ಅವನ ಎದುರಿಗಿರುತ್ತದೆ. ಅವನ ಮುಖ ನಮಗೆ ಕಾಣುತ್ತದೆ, ಹಿಂದೆ ಮಸುಕಾಗಿ ಮಗಳೂ ಕಾಣುತ್ತಾಳೆ, ಅವಳು ಬಾಯಿ ತೆರೆದು ಮುಚ್ಚಿದ್ದೂ ಕಾಣುತ್ತದೆ, ಅವನಿಗೆ ಮಾತ್ರ ಕಾಣುವುದಿಲ್ಲ. ಅವನಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ, ಆದ್ದರಿಂದ ನಾವು ಅವನಿಗಾಗಿ ಮರುಗುತ್ತೇವೆ. ಎರಡೂ ಒಳ್ಳೆಯ ದೃಶ್ಯಗಳೇ. ನೀವು ಬರೆದ ಮಾತುಗಳನ್ನು ನೋಡಿದರೆ ನನಗೆ ಇದು ತಂದೆಯ ದೃಶ್ಯವೆನಿಸುತ್ತದೆ, ಏಕೆಂದರೆ ಬದಲಾಗುವವನು ಅವನು. ಮಗಳು ತನ್ನ ತೀರ್ಮಾನವನ್ನು ಮೂರು ತಿಂಗಳ ಹಿಂದೆಯೇ ಮಾಡಿಯಾಗಿದೆ.

ಹಾಗಾಗಿ ನಾನು ತೆಗೆಯುವುದಾದರೆ, ಮೊದಲ ಶಾಟ್ ಕೋಣೆಯೂ ಇಬ್ಬರೂ ಕಾಣುವ ವೈಡ್, ಮೇಜಿನಾಚೆಯಿಂದ, 115 ಸೆಂಟಿಮೀಟರ್ ಎತ್ತರದಲ್ಲಿ, ಮಟ್ಟಸವಾಗಿ, ತಂದೆಯಿಂದ ಸುಮಾರು ಎರಡು ಮೀಟರ್ ದೂರದಲ್ಲಿ. ಬಿಚ್ಚಿಟ್ಟ ರೇಡಿಯೊ, ಅವನ ಕೈಗಳು, ಎದೆಯವರೆಗಿನ ಅವನ ಆಕೃತಿ, ಹಿಂದೆ ಖಾಲಿ ಬಾಗಿಲು. ಈ ಶಾಟನ್ನು ಅವಸರದಲ್ಲಿ ಕತ್ತರಿಸಬೇಡಿ, ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲಲಿ. ಅವನು ಸಣ್ಣ ಸ್ಕ್ರೂ ಒಂದನ್ನು ಬಿಚ್ಚಿ ಎದುರಿನ ಬಟ್ಟಲಿಗೆ ಹಾಕುತ್ತಾನೆ, ಟಣ್ ಎನ್ನುತ್ತದೆ. ಮಗಳು ಬಾಗಿಲಿಗೆ ಬರುತ್ತಾಳೆ. ಅವನು ಇನ್ನೊಂದು ಸ್ಕ್ರೂ ಹಾಕುತ್ತಾನೆ, ಮತ್ತೆ ಟಣ್. ಅವಳು ಮಾತು ಆರಂಭಿಸಲು ಹೊರಟು ನಿಲ್ಲಿಸುತ್ತಾಳೆ. ಇಷ್ಟರಲ್ಲಿ ಪ್ರೇಕ್ಷಕನಿಗೆ ಕೋಣೆ ಗೊತ್ತಾಯಿತು, ದೂರ ಗೊತ್ತಾಯಿತು, ಆ ಸದ್ದಿನ ಲಯ ಗೊತ್ತಾಯಿತು. ಮುಂದೆ ಬೇಕಾಗುವ ಸಾಮಗ್ರಿಯೆಲ್ಲ ಈ ಒಂದೇ ಶಾಟ್‌ನಲ್ಲಿ ಬಂದಾಯಿತು.

‘ನಾನು ಕೆಲಸ ಬಿಟ್ಟೆ’ ಎಂಬ ಮಾತು ಬಂದಾಗಲೂ ಕಟ್ ಮಾಡಬೇಡಿ. ನೀವು ಇಲ್ಲಿ ಅವಳ ಟೈಟ್ ಕ್ಲೋಸ್ ಇಟ್ಟಿದ್ದೀರಿ. ಆದರೆ ಮಾತು ನಮಗೆ ಕೇಳಿಸುತ್ತದೆ, ಅದನ್ನಾಡುವ ತುಟಿಯನ್ನು ತೋರಿಸಿದರೆ ಹೊಸದಾಗಿ ತಿಳಿಯುವುದೇನೂ ಇಲ್ಲ. ಅದೇ ವೈಡ್‌ನಲ್ಲಿ, ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅರ್ಧ ಸುತ್ತಿಗೆ ನಿಲ್ಲಲಿ. ಈಗ ಮೊದಲ ಕಟ್, ಕೈಯ ಹತ್ತಿರದ ಶಾಟ್‌ಗೆ. ನಿಂತ ಸ್ಕ್ರೂಡ್ರೈವರ್ ಮತ್ತೆ ನಿಧಾನವಾಗಿ ತಿರುಗುತ್ತದೆ, ಸ್ಕ್ರೂ ಹೊರಬರುತ್ತದೆ. ‘ಯಾವಾಗ?’ ಎಂಬ ಅವನ ದನಿ ಕೈಯ ಮೇಲೆಯೇ ಕೇಳಿಸಲಿ. ತಿರುಗಿ ನೋಡದೆ ಕೇಳಿದ ಪ್ರಶ್ನೆಯದು, ಅವನು ಇನ್ನೂ ಸುದ್ದಿಯನ್ನು ಸಣ್ಣದಾಗಿಯೇ ಉಳಿಸಿಕೊಳ್ಳಲು ನೋಡುತ್ತಿದ್ದಾನೆ.

ಆಮೇಲೆ ಮಗಳು. ಅವಳನ್ನು ಮೊದಲ ಬಾರಿಗೆ ಸ್ಪಷ್ಟವಾಗಿ ನೋಡುವುದು ಈಗ, ಸೊಂಟದವರೆಗೆ ಕಾಣುವ ಮಿಡ್ ಶಾಟ್‌ನಲ್ಲಿ, ಕುಳಿತ ತಂದೆಯ ಕಣ್ಣಿನ ಎತ್ತರದಿಂದ ಅವನ ಹೆಗಲಿನ ಸಜೆಷನ್ ಇಟ್ಟುಕೊಂಡು. ಅವಳು ನಿಂತಿರುವುದರಿಂದ ಕ್ಯಾಮೆರಾ ತಾನಾಗಿಯೇ ತುಸು ಮೇಲಕ್ಕೆ ನೋಡುತ್ತದೆ. ಅವಳಿಗೆ ಆ ಎತ್ತರ ಬೇಡವಾಗಿದೆ, ಆದರೂ ಅದು ಅವಳದೇ. ಅವಳ ಲುಕ್ ಲೆನ್ಸಿನಿಂದ ದೂರವಿರಲಿ, ಬಟ್ಟಲನ್ನೋ ನೆಲವನ್ನೋ ನೋಡುತ್ತಿರಲಿ. ‘ಮೂರು ತಿಂಗಳಾಯಿತು’ ಎನ್ನುವಾಗ ಮಾತ್ರ ಅವಳ ಕಣ್ಣು ಲೆನ್ಸಿನ ಅಂಚಿಗೆ ಬರಲಿ.

ದೃಶ್ಯದ ನಿಜವಾದ ಸುದ್ದಿ ಈ ಮಾತಿನಲ್ಲಿದೆ. ಕೆಲಸ ಬಿಟ್ಟದ್ದನ್ನು ತಂದೆ ನುಂಗಿಕೊಂಡಾನು. ಮೂರು ತಿಂಗಳು ಪ್ರತಿದಿನ ಬೆಳಿಗ್ಗೆ ಹೊರಟು, ಸಂಜೆ ಮರಳಿ, ತನ್ನ ಎದುರು ಕುಳಿತು ಉಂಡವಳು ಏನೂ ಹೇಳಲಿಲ್ಲವೆಂಬುದು ಅವನನ್ನು ಮುರಿಯುತ್ತದೆ. ತಂದೆಯ ಮೊದಲ ಹಾಗೂ ಒಂದೇ ಕ್ಲೋಸಪ್ಪನ್ನು ನಾನು ಇಲ್ಲಿಗಾಗಿ ಕಾದಿಟ್ಟಿರುತ್ತಿದ್ದೆ. ಒಂದು ಮೀಟರಿಗಿಂತ ಹತ್ತಿರದಿಂದ, ಕಣ್ಣಿನ ಮಟ್ಟಕ್ಕಿಂತ ಒಂದಂಗುಲ ಮೇಲಿನಿಂದ, ಮೇಜನ್ನು ನೋಡುತ್ತಿರುವ ಮುಖ. ಟ್ರಾಲಿ ಬೇಕೇಬೇಕೆಂದಿದ್ದರೆ ಅದು ಇಲ್ಲಿ, ಚಲಿಸುತ್ತಿದೆಯೆಂದು ಯಾರಿಗೂ ತಿಳಿಯದಷ್ಟು ನಿಧಾನವಾಗಿ ಒಂದಡಿ ಮುಂದಕ್ಕೆ. ನಟನಿಗೆ ಏನನ್ನೂ ‘ಮಾಡು’ ಎಂದು ಹೇಳಬೇಡಿ, ಆತ ತಿಂಗಳುಗಳನ್ನು ಎಣಿಸಲಿ. ಆಮೇಲೆ ಮತ್ತೆ ಮೊದಲಿನ ವೈಡ್. ಅದೇ ಎತ್ತರ, ಅದೇ ಲೆನ್ಸ್, ಅದೇ ಎರಡು ಮೀಟರ್. ಅವನು ಸ್ಕ್ರೂವನ್ನು ಬಟ್ಟಲಿಗೆ ಹಾಕುವುದಿಲ್ಲ, ಕೈಯಲ್ಲೇ ಹಿಡಿದುಕೊಂಡಿದ್ದಾನೆ. ನಾವು ಆ ಟಣ್ ಸದ್ದಿಗೆ ಕಾಯುತ್ತೇವೆ, ಅದು ಬರುವುದಿಲ್ಲ. ಚೌಕಟ್ಟು ಮೊದಲಿನದೇ ಆದ್ದರಿಂದ ಅದರೊಳಗೆ ಬದಲಾದದ್ದು ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆ.

ಲೆಕ್ಕ ಹಾಕಿದರೆ ಇಲ್ಲಿ ಐದಾರು ಶಾಟ್‌ಗಳಾದವು. 34 ತಪ್ಪು, 6 ಸರಿ ಎಂಬ ನಿಯಮವೇನೂ ಇಲ್ಲ, ಬೀದಿಯಲ್ಲಿ ಓಡಿಸಿಕೊಂಡು ಹೋಗುವ ದೃಶ್ಯಕ್ಕೆ 34 ಕಡಿಮೆಯಾದೀತು. ನಾನು ಅನುಸರಿಸುವ ರೂಢಿ ಒಂದೇ. ಶಾಟ್ ಡಿವಿಷನ್, ಅಂದರೆ ದೃಶ್ಯವನ್ನು ಶಾಟ್‌ಗಳಾಗಿ ವಿಂಗಡಿಸುವ ಪಟ್ಟಿ ಬರೆಯುವಾಗ ಪ್ರತಿಯೊಂದು ಶಾಟ್‌ನ ಎದುರಿಗೆ, ಹಿಂದಿನ ಶಾಟ್‌ನಲ್ಲಿ ತಿಳಿಯದ ಯಾವ ಸಂಗತಿ ಇದರಲ್ಲಿ ತಿಳಿಯುತ್ತದೆ ಎಂದು ಒಂದು ಸಾಲು ಬರೆಯುತ್ತೇನೆ. ‘ಬೇರೆ ಆ್ಯಂಗಲ್’ ಎಂದಷ್ಟೇ ಬರೆಯಲು ಸಾಧ್ಯವಾದರೆ ಆ ಶಾಟನ್ನು ಹೊಡೆದುಹಾಕುತ್ತೇನೆ. ಚಿತ್ರೀಕರಣದ ದಿನ ಹೊತ್ತು ಉಳಿಯುತ್ತದೆ, ಆ ಹೊತ್ತನ್ನು ನಟರಿಗೆ ಕೊಡಬಹುದು.

ಮತ್ತೆ ಪೂರ್ತಿ ಚಿತ್ರೀಕರಿಸಲು ನಿಮಗೆ ಅನುಕೂಲವಿಲ್ಲದಿರಬಹುದು. ಆಗ ಮೊದಲು ನಿಮ್ಮಲ್ಲಿರುವುದನ್ನೇ ಮರುಸಂಕಲನ ಮಾಡಿ ನೋಡಿ. ಸದ್ದು ಪೂರ್ತಿ ಆರಿಸಿ ದೃಶ್ಯವನ್ನು ಒಮ್ಮೆ ಓಡಿಸಿದರೆ ಯಾವ ಶಾಟ್‌ಗಳು ಸುಮ್ಮನೆ ಬಂದು ಕೂತಿವೆಯೆಂಬುದು ನಿಮಗೇ ಹೊಳೆಯುತ್ತದೆ. ಇಬ್ಬರೂ ಕಾಣುವ ಅತಿ ಉದ್ದದ ವೈಡ್ ಟೇಕ್ ಯಾವುದಿದೆಯೋ ಅದನ್ನು ಮೊದಲಿಗಿಡಿ, ‘ಮೂರು ತಿಂಗಳು’ ಎಂಬ ಮಾತಿಗಿಂತ ಮುಂಚಿನ ಕ್ಲೋಸಪ್‌ಗಳನ್ನೆಲ್ಲ ತೆಗೆದುಹಾಕಿ, ತಂದೆಯ ಲೋ ಆ್ಯಂಗಲ್‌ಗಳಲ್ಲಿ ಅತಿ ಕಡಿಮೆ ವಾಲಿಕೆಯದೊಂದನ್ನು ಮಾತ್ರ ಆ ಮಾತಿನ ನಂತರಕ್ಕೆ ಉಳಿಸಿಕೊಳ್ಳಿ. ಆಗ ನಿಮಗೆ ಕೊರತೆಯಾಗುವುದು ಕೈಯ ಶಾಟ್ ಒಂದೇ. ಅದಕ್ಕೆ ನಟರಿಬ್ಬರನ್ನೂ ಮತ್ತೆ ಕರೆಸಬೇಕಾಗಿಲ್ಲ. ಅದೇ ಅಂಗಿಯ ತೋಳು, ಅದೇ ರೇಡಿಯೊ, ಅದೇ ದಿಕ್ಕಿನಿಂದ ಬೀಳುವ ದೀಪದ ಬೆಳಕು, ವಯಸ್ಸಿಗೆ ಹೊಂದುವ ಒಂದು ಜೊತೆ ಕೈ ಸಿಕ್ಕರೆ ಒಂದು ಸಂಜೆಯ ಕೆಲಸ. ಸ್ಕ್ರೂಡ್ರೈವರ್ ಯಾವ ಕೈಯಲ್ಲಿತ್ತು ಎಂಬುದನ್ನು ಮಾತ್ರ ಹಳೆಯ ಟೇಕ್ ನೋಡಿ ಖಚಿತಪಡಿಸಿಕೊಂಡೇ ಕ್ಯಾಮೆರಾ ಆನ್ ಮಾಡಿ.